ತೇರಿನ ಅಗಲ, ಹಾಸಿನ ಉದ್ದ

ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ಸುಮಾರು ಒಂದು ವರ್ಷ ಕಾಲ ಅಗೆದು, ಡಾಂಬರು ಕಿತ್ತು, ಗ್ರಾನೈಟ್ ಕಲ್ಲು ಹಾಸಿ 2018ರ ಮಾರ್ಚ್‌ನಲ್ಲಿ ಮತ್ತೆ ತೆರೆದಾಗ ಬಹಳ ಜನರ ಬಾಯಲ್ಲಿ ಬಂದ ಮಾತು ‘ಯೂರೋಪಿನ ಬೀದಿಯಂತಾಗಿದೆ’ ಎಂಬುದು. ಅಗಲವಾದ ಪಾದಚಾರಿ ಮಾರ್ಗ, ಕುಳಿತುಕೊಳ್ಳಲು ಜಾಗ, ಕಾಲಿಗೆ ಎಡವದ ನೆಲ. ಹೊಗಳಿಕೆ ಅನುಚಿತವೇನಲ್ಲ. ಆದರೆ ನಡೆಯುವವರಿಗಾಗಿ ಅಳೆದು ಬಿಟ್ಟ ಬೀದಿಯನ್ನು ಕಾಣಲು ಕನ್ನಡಿಗರು ಯೂರೋಪಿನ ತನಕ ಹೋಗಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಂತಹ ನೇಕಾರರ ಊರಿಗೆ, ಕೈಮಗ್ಗದ ಕಾಲಕ್ಕೆ ಹೋದರೆ ಸಾಕು.

ಇಂದು ರಬಕವಿ-ಬನಹಟ್ಟಿ ಎಂದರೆ ವಿದ್ಯುತ್ ಮಗ್ಗದ ಸದ್ದು. ಅದಕ್ಕೂ ಮೊದಲು ಇದು ಕೈಮಗ್ಗದ ಸೀಮೆ. ನೇಕಾರರ ಊರುಗಳಲ್ಲಿ ಓಣಿ ಎಂಬುದು ಮನೆಯಿಂದ ಮನೆಗೆ ಹೋಗುವ ದಾರಿ ಮಾತ್ರವಾಗಿರಲಿಲ್ಲ. ಅದು ಎಲ್ಲರ ಪಾಲಿನ ಕಾರ್ಖಾನೆಯೂ ಹೌದು. ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ನೂಲಿಗೆ ಗಂಜಿ ಹಿಡಿಸಬೇಕು. ಇಲ್ಲವಾದರೆ ಮಗ್ಗದ ಬಡಿತಕ್ಕೆ ಎಳೆ ತಾಳದು. ಗಜಗಟ್ಟಲೆ ಉದ್ದದ ಹಾಸನ್ನು ಬಿಚ್ಚಿ ಎಳೆದು ಕಟ್ಟಲು ಯಾವ ಮನೆಯ ಪಡಸಾಲೆಯೂ ಸಾಲದು. ಹಾಗಾಗಿ ಬೆಳಗಿನ ಹೊತ್ತು, ಬಿಸಿಲು ಮತ್ತು ಗಾಳಿ ಜೋರಾಗುವ ಮೊದಲು, ಓಣಿಯ ಉದ್ದಕ್ಕೂ ಹಾಸು ಬಿಡಿಸಿ, ನಡುನಡುವೆ ಬಿದಿರಿನ ಆಸರೆ ಕೊಟ್ಟು, ಎರಡೂ ಬದಿಗೆ ನಿಂತವರು ಕುಂಚ ಎಳೆಯುತ್ತ ನಡೆಯುತ್ತಿದ್ದರು. ಗಂಡಸರು, ಹೆಂಗಸರು, ಶಾಲೆಗೆ ಹೊರಟ ಮಕ್ಕಳು ಎಲ್ಲರ ಕೈಯೂ ಅದಕ್ಕೆ ಬೇಕು. ಅಷ್ಟು ಹೊತ್ತು ಚಕ್ಕಡಿ ಬಂದರೆ ಚಕ್ಕಡಿಯೇ ಕಾಯಬೇಕು. ಒಂದು ದನ ನುಗ್ಗಿದರೆ ಒಂದು ಮನೆಯ ವಾರದ ಅನ್ನ ಮಣ್ಣಾಯಿತು ಎಂದೇ ಲೆಕ್ಕ.

ಹೀಗೆ ಓಣಿಯ ಉದ್ದವನ್ನು ಅಲ್ಲಿ ಹಾಸು ಬಳಸುತ್ತಿತ್ತು, ಹಾಸು ಕಾಯುತ್ತಿತ್ತು. ‘ಹಾಸುಹೊಕ್ಕು’ ಎಂಬ ಪದ ನಮ್ಮ ಮಾತಿನಲ್ಲಿ ಬೇರೂರಿದೆ. ಚಪ್ಪಡಿ ಹೊದಿಸಿದ ನೆಲಕ್ಕೂ ನಾವು ‘ಕಲ್ಲುಹಾಸು’ ಎನ್ನುತ್ತೇವೆ. ಈ ಎರಡು ಹಾಸುಗಳ ನಡುವೆ ನಮ್ಮ ಬೀದಿಗಳ ಚರಿತ್ರೆಯ ಒಂದು ದೊಡ್ಡ ಪಾಲು ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ವಿದ್ಯುತ್ ಮಗ್ಗ ಬಂದ ಮೇಲೆ ಗಂಜಿ ಹಿಡಿಸುವ ಕೆಲಸ ಯಂತ್ರಕ್ಕೆ ಹೋಯಿತು. ಓಣಿಗೆ ಬಿಡುವಾಯಿತು. ಬಿಡುವಾದ ಜಾಗಕ್ಕೆ ಮೋಟಾರು ಬಂದು ನಿಂತಿತು. ಯಾರೂ ಯಾರಿಂದಲೂ ಕಸಿದುಕೊಳ್ಳಲಿಲ್ಲ. ಹಕ್ಕಿನಿಂದ ಬಳಸುವವರು ಇಲ್ಲವಾದರು, ಅಷ್ಟೇ.

ಬೀದಿಗಿದ್ದ ಇನ್ನೊಂದು ಅಳತೆ ತೇರು. ಬನಹಟ್ಟಿಯಲ್ಲಿ ಕಾಡಸಿದ್ಧೇಶ್ವರನ ಜಾತ್ರೆ, ಪಕ್ಕದ ಊರುಗಳಲ್ಲಿ ಇನ್ನಾವುದೋ ದೇವರ ಜಾತ್ರೆ. ಹೆಸರು ಬೇರೆ, ಲೆಕ್ಕ ಒಂದೇ. ತೇರಿಗೆ ಮೋಟಾರಿನಂತೆ ಸಂದಿಯಲ್ಲಿ ನುಸುಳುವುದು ಗೊತ್ತಿಲ್ಲ. ಅದು ನೇರ ಹೋಗಬೇಕು, ತಿರುಗಬೇಕಾದಲ್ಲಿ ಗಾಲಿಗೆ ಮರದ ತುಂಡು ಕೊಟ್ಟು ನಿಧಾನಕ್ಕೆ ಹೊರಳಿಸಬೇಕು, ಹಗ್ಗ ಹಿಡಿದ ನೂರಾರು ಜನರಿಗೂ ಅಕ್ಕಪಕ್ಕದಲ್ಲಿ ನಿಂತು ನೋಡುವವರಿಗೂ ಜಾಗ ಬೇಕು. ಆದ್ದರಿಂದ ತೇರಿನ ಬೀದಿಯಲ್ಲಿ ಯಾರೂ ಮಾಡು ಮುಂದಕ್ಕೆ ಚಾಚುವಂತಿರಲಿಲ್ಲ, ಕಟ್ಟೆ ಬೆಳೆಸುವಂತಿರಲಿಲ್ಲ. ವರ್ಷಕ್ಕೊಮ್ಮೆ ತೇರೇ ಬಂದು ಒತ್ತುವರಿ ತಪಾಸಣೆ ಮಾಡಿ ಹೋಗುತ್ತಿತ್ತು! ನಗರಸಭೆಗಳ ಇಂದಿನ ಯಾವ ನೋಟಿಸಿಗೂ ಅಷ್ಟು ಬಲವಿಲ್ಲ.

ತೇರು ಕಲೆಯೂ ಹೌದು. ಅದರ ಅಡಿಭಾಗದ ಮರದ ಹಲಗೆಗಳಲ್ಲಿ ದೇವರು, ಆನೆ, ಕುದುರೆ, ಬೇಟೆ, ಪುರಾಣದ ಪ್ರಸಂಗಗಳನ್ನು ಕೆತ್ತಿದ ಬಡಗಿ ತನ್ನ ಕೆಲಸವನ್ನು ಪ್ರದರ್ಶಿಸಿದ್ದು ಬಯಲಲ್ಲಿ. ಗುಡಿಯ ಗರ್ಭಗುಡಿಯ ತನಕ ಹೋಗಲಾಗದವನೂ ಬೀದಿಯಲ್ಲಿ ನಿಂತು ಅದನ್ನು ನೋಡಬಹುದಿತ್ತು. ಇಂದು ನಗರಯೋಜಕರು ‘ಸಾರ್ವಜನಿಕ ಕಲೆ’ ಎಂದು ಯೋಜನಾ ವರದಿಯಲ್ಲಿ ಒಂದು ಅಧ್ಯಾಯ ಬರೆಯುತ್ತಾರೆ. ತೇರಿನ ಬೀದಿಗೆ ಆ ಅಧ್ಯಾಯ ಬೇಕಿರಲಿಲ್ಲ.

ಆದರೆ ಹಳೆಯದನ್ನು ಹೊಗಳುವ ಭರದಲ್ಲಿ ಒಂದು ಕಹಿ ಸತ್ಯವನ್ನು ಮುಚ್ಚಿಡಬಾರದು. ಎಲ್ಲ ಬೀದಿಗಳೂ ಎಲ್ಲರ ಕಾಲಿಗೂ ತೆರೆದಿರಲಿಲ್ಲ. ನೆರೆಯ ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ದೇವಾಲಯದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿಯೇ 1924ರ ಮಾರ್ಚ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ಗುಡಿಯ ಒಳಗೆ ಹೋಗುವುದಲ್ಲ, ಹೊರಗಿನ ರಸ್ತೆಯಲ್ಲಿ ನಡೆಯುವುದು! ಹೋರಾಟ 1925ರ ನವೆಂಬರ್ ತನಕ ನಡೆಯಿತು. ಕೊನೆಗೆ ಮೂರು ಬದಿಯ ರಸ್ತೆಗಳು ತೆರೆದವು, ಪೂರ್ವದ ರಸ್ತೆ ಉಳಿಯಿತು. ಅದು ತೆರೆಯಲು 1936ರ ದೇವಾಲಯ ಪ್ರವೇಶ ಘೋಷಣೆ ಬರಬೇಕಾಯಿತು. ಬೀದಿಯಲ್ಲಿ ನಡೆಯುವುದು ಸೌಂದರ್ಯದ ಪ್ರಶ್ನೆಯಾಗುವುದಕ್ಕೆ ಬಹಳ ಮೊದಲೇ ಹಕ್ಕಿನ ಪ್ರಶ್ನೆಯಾಗಿತ್ತು. ಮುಂದಿನ ಮಾತುಗಳಿಗೆ ಈ ನೆನಪು ಅಗತ್ಯ.

ಪೆರೇಡಿನ ಹಿಂದಿನ ಬೀದಿ

ಚರ್ಚ್ ಸ್ಟ್ರೀಟ್ ಹುಟ್ಟಿದ್ದು ತೇರಿಗಾಗಿಯೂ ಅಲ್ಲ, ಮಗ್ಗಕ್ಕಾಗಿಯೂ ಅಲ್ಲ. ಬೆಂಗಳೂರು ಎಂದರೆ ಒಂದೇ ಊರಲ್ಲ, ಎರಡು. ಕೆಂಪೇಗೌಡ 1537ರಲ್ಲಿ ಕಟ್ಟಿಸಿದನೆನ್ನುವ ಪೇಟೆ ಒಂದು. ಅಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳು ಅಡ್ಡಹಾಯುವ ಕೂಡುರಸ್ತೆಯಿಂದ ಕಸುಬಿಗೊಂದು ಪೇಟೆಯಂತೆ ಊರು ಹರಡಿತು. ಬ್ರಿಟಿಷರು 1809ರಲ್ಲಿ ನೆಲೆಗೊಳಿಸಿದ ದಂಡು ಪ್ರದೇಶ ಇನ್ನೊಂದು. ದಂಡಿನ ಬೀದಿಗಳ ಅಳತೆಗೋಲು ಸಿಪಾಯಿಗಳ ಕವಾಯತು ಮತ್ತು ಸಾಹೇಬರ ಸಾರೋಟು. ಈಗ ಮಹಾತ್ಮ ಗಾಂಧಿ ರಸ್ತೆ ಎನ್ನುವುದು ಆಗ ಸೌತ್ ಪೆರೇಡ್. 1948ರಲ್ಲಿ ಅದಕ್ಕೆ ಹೊಸ ಹೆಸರು ಬಂತು. ಅದಕ್ಕೆ ಸಮಾನಾಂತರವಾಗಿ ಹಿಂದುಗಡೆ, ಬ್ರಿಗೇಡ್ ರಸ್ತೆಗೂ ಸೇಂಟ್ ಮಾರ್ಕ್ಸ್ ರಸ್ತೆಗೂ ನಡುವೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಹಾಸಿಕೊಂಡಿರುವುದು ಚರ್ಚ್ ಸ್ಟ್ರೀಟ್. ಸಮೀಪದ ಸೇಂಟ್ ಮಾರ್ಕ್ಸ್ ಚರ್ಚು ಹತ್ತೊಂಬತ್ತನೆಯ ಶತಮಾನದ ಆರಂಭದ್ದು.

ಮುಂದಿನ ಬೀದಿಗೆ ಮೆರವಣಿಗೆ, ಹಿಂದಿನ ಬೀದಿಗೆ ಸಂಸಾರ ಎಂಬಂತೆ ಚರ್ಚ್ ಸ್ಟ್ರೀಟಿಗೆ ಬಹುಕಾಲ ಯಾವ ಠೀವಿಯೂ ಇರಲಿಲ್ಲ. ಅದರ ಭಾಗ್ಯ ತೆರೆದದ್ದು ಪುಸ್ತಕಗಳಿಂದ. ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ ಈ ಬೀದಿಯ ಮಗ್ಗುಲಲ್ಲೇ ಇತ್ತು. ಪುಸ್ತಕದ ರಾಶಿಯ ನಡುವೆ ಒಬ್ಬರು ಸರಿದರೆ ಇನ್ನೊಬ್ಬರು ದಾಟಬೇಕು, ಅಂಥ ಅಂಗಡಿ ಅದು. 2009ರಲ್ಲಿ ಮುಚ್ಚಿತು, 2021ರಲ್ಲಿ ಶಾನಭಾಗರೂ ತೀರಿಕೊಂಡರು. ಅಷ್ಟರಲ್ಲಿ ಬ್ಲಾಸಮ್, ಬುಕ್‌ವರ್ಮ್ ಮೊದಲಾದ ಅಂಗಡಿಗಳು ಬೀದಿಗೆ ಬಂದಿದ್ದವು. ಎಂ.ಜಿ. ರಸ್ತೆಯ ಹಳೆಯ ಇಂಡಿಯಾ ಕಾಫಿ ಹೌಸ್ ಕೂಡ 2009ರಲ್ಲಿ ಇಲ್ಲಿಗೇ ಸ್ಥಳಾಂತರವಾಯಿತು. ಕೊಂಡ ಪುಸ್ತಕವನ್ನು ಕಾಫಿಯ ಮುಂದೆ ತೆರೆಯುವ ಹುಡುಗ ಹುಡುಗಿಯರು ಚರ್ಚ್ ಸ್ಟ್ರೀಟನ್ನು ನಡೆಯುವ ಬೀದಿಯಾಗಿ ಮಾಡಿದ್ದರು. ಯಾವ ಎಂಜಿನಿಯರರೂ ಆಗಿನ್ನೂ ನಕ್ಷೆ ಬಿಡಿಸಿರಲಿಲ್ಲ. 2014ರ ಡಿಸೆಂಬರ್ 28ರ ರಾತ್ರಿ ಇದೇ ಬೀದಿಯಲ್ಲಿ ಬಾಂಬ್ ಸಿಡಿದು ಒಬ್ಬ ಮಹಿಳೆ ಸತ್ತರು. ಆಮೇಲೂ ಜನ ಇಲ್ಲಿ ನಡೆಯುವುದನ್ನು ಬಿಡಲಿಲ್ಲ.

ನಕ್ಷೆ ಬಂದದ್ದು ‘ಟೆಂಡರ್ ಶ್ಯೂರ್’ ಎಂಬ ಯೋಜನೆಯ ಮೂಲಕ. ಈ ಹೆಸರಿನಲ್ಲಿ ಬೆಂಗಳೂರಿನ ನಡುಭಾಗದ ಕೆಲವು ರಸ್ತೆಗಳನ್ನು ಮೊದಲೇ ಮರುರೂಪಿಸಲಾಗಿತ್ತು. ಅದರ ತಿರುಳು ಸರಳ. ನಮ್ಮ ಊರುಗಳ ರಸ್ತೆ ಹಾಳಾಗುವುದು ಮಳೆಗಿಂತ ಹೆಚ್ಚಾಗಿ ಅಗೆತದಿಂದ. ಇಂದು ಡಾಂಬರು, ನಾಳೆ ನೀರಿನ ಕೊಳವೆ, ನಾಡಿದ್ದು ದೂರವಾಣಿಯ ತಂತಿ. ಹಾಗಾಗಿ ನೀರು, ಒಳಚರಂಡಿ, ವಿದ್ಯುತ್ತು, ದೂರವಾಣಿ ಎಲ್ಲಕ್ಕೂ ಪಾದಚಾರಿ ಮಾರ್ಗದ ಅಡಿಯಲ್ಲಿ ಪ್ರತ್ಯೇಕ ನಾಳಗಳನ್ನು ಮಾಡಿ, ಕೈ ಇಳಿಸಲು ಮುಚ್ಚಳ ಬಿಟ್ಟರೆ ರಸ್ತೆಯನ್ನು ಮತ್ತೆ ಅಗೆಯಬೇಕಾಗಿಲ್ಲ. ವಾಹನಕ್ಕೆ ಉದ್ದಕ್ಕೂ ಒಂದೇ ಅಗಲದ ಓಡುದಾರಿ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುವ ಹಳೆಯ ಪದ್ಧತಿ ಬೇಡ. ಮಿಕ್ಕಿದ ನೆಲ ನಡೆಯುವವರಿಗೆ. ವೆಂಕಟರಮಣನ್ ಅಸೋಸಿಯೇಟ್ಸ್ ಸಂಸ್ಥೆಯ ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ತಂಡ ಚರ್ಚ್ ಸ್ಟ್ರೀಟಿನ ವಿನ್ಯಾಸ ಮಾಡಿತು. ಇಲ್ಲಿ ಓಡುದಾರಿಗೂ ಡಾಂಬರು ಬೇಡವೆಂದು ಸಣ್ಣ ಗ್ರಾನೈಟ್ ಕಲ್ಲುಗಳನ್ನೇ ಜೋಡಿಸಿದರು. ಕಲ್ಲಿನ ಮೇಲೆ ಗಾಲಿ ತಾನಾಗಿ ನಿಧಾನವಾಗುತ್ತದೆ ಎಂಬುದು ಲೆಕ್ಕ.

ಕಾಮಗಾರಿಯ ಕಾಲದಲ್ಲಿ ಅಂಗಡಿಕಾರರು ಪಟ್ಟ ಪಾಡು ಸಣ್ಣದಲ್ಲ. ಧೂಳು, ಹೊಂಡ, ಮುಂದೂಡಿದ ಗಡುವುಗಳು. ಆದರೆ ತೆರೆದ ಮೇಲೆ ಬಂದ ಜನಸಂದಣಿ ಅದನ್ನು ಮರೆಸಿತು. ಬೀದಿ ಗಾಯಕರು ಗಿಟಾರು ಹಿಡಿದು ನಿಂತರು, ಕೂತ ಹಾಗೆಯೇ ಮುಖಚಿತ್ರ ಬರೆದುಕೊಡುವವರು ಬಂದರು.

ನಾಲ್ಕು ತಿಂಗಳ ವಾರಾಂತ್ಯ

2020ರ ನವೆಂಬರ್ 7ರಂದು ಇನ್ನೂ ಒಂದು ಹೆಜ್ಜೆ ಇಡಲಾಯಿತು. ನಗರ ಭೂಸಾರಿಗೆ ನಿರ್ದೇಶನಾಲಯದ ಮುಂದಾಳತ್ವದಲ್ಲಿ ಶನಿವಾರ, ಭಾನುವಾರಗಳಂದು ಚರ್ಚ್ ಸ್ಟ್ರೀಟಿಗೆ ಮೋಟಾರು ವಾಹನಗಳನ್ನು ನಿಷೇಧಿಸುವ ಪ್ರಯೋಗವನ್ನು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಉದ್ಘಾಟಿಸಿದರು. ‘ಶುದ್ಧ ಗಾಳಿಯ ಬೀದಿ’ ಎಂಬುದು ಅದರ ಹೆಸರಿನ ಅರ್ಥ. ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯ ಗುಣಮಟ್ಟ ಅಳೆದರು, ಬಂದವರ ಅಭಿಪ್ರಾಯ ಕೇಳಿದರು. ಕೋವಿಡ್ ಕಾಲ ಅದು. ಮನೆಯೊಳಗೆ ಕುಳಿತು ಬೇಸತ್ತ ಊರಿಗೆ ಬಾಗಿಲು ತೆರೆದಂತಾಯಿತು. ರಸ್ತೆಯ ನಟ್ಟನಡುವೆ ಮಕ್ಕಳು ಓಡಿದರು. 2021ರ ಫೆಬ್ರುವರಿ ಕೊನೆಗೆ ಪ್ರಯೋಗ ಮುಗಿಯಿತು. ವಾಹನಗಳು ಮರಳಿದವು.

ಆಮೇಲಿನ ಕಥೆ ಕಲ್ಲಿನದು. ನಡಿಗೆಗೆಂದು ಜೋಡಿಸಿದ ಕಲ್ಲುಗಳ ಮೇಲೆ ದಿನವಿಡೀ ಮೋಟಾರು ಓಡಿದರೆ ಏನಾಗಬೇಕೋ ಅದೇ ಆಯಿತು. ಅಲ್ಲಲ್ಲಿ ಕಲ್ಲು ಸಡಿಲಾಯಿತು, ಕುಸಿಯಿತು, ಕೆಲವು ಕಡೆ ತೇಪೆ ಬಿತ್ತು. ನಿಲ್ಲಿಸಬಾರದ ಕಡೆ ಗಾಡಿ ನಿಂತವು. ಕಲ್ಲಿನ ಗುಣಮಟ್ಟ ಸರಿಯಿಲ್ಲ ಎಂದು ಒಬ್ಬರು, ನಿರ್ವಹಣೆ ಇಲ್ಲ ಎಂದು ಇನ್ನೊಬ್ಬರು. ಎರಡೂ ನಿಜವಿರಬಹುದು. ಈ ಲೇಖಕನಿಗೆ ಕಾಣುವ ಕಾರಣ ಬೇರೆ. ಬೀದಿಯನ್ನು ನಡೆಯುವವರಿಗಾಗಿ ಮಾಡಿದರು, ಆದರೆ ಚಕ್ಕಡಿಯನ್ನು ‘ತಾಳು, ಹಾಸು ಇದೆ’ ಎಂದು ತಡೆಯುವ ಹಕ್ಕನ್ನು ಯಾರಿಗೂ ಕೊಡಲಿಲ್ಲ. ಪುಸ್ತಕ ಕೊಳ್ಳಲು ಬಂದವನು ಸಂಜೆಗೆ ಮನೆಗೆ ಹೋಗುತ್ತಾನೆ. ನೇಕಾರ ಹೋಗುತ್ತಿರಲಿಲ್ಲ, ಅವನ ಮನೆಯೇ ಅಲ್ಲಿ.

ಚರ್ಚ್ ಸ್ಟ್ರೀಟಿನ ಪಕ್ಕದಲ್ಲೇ ಇನ್ನೊಂದು ಪಾಠವಿದೆ. ಎಂ.ಜಿ. ರಸ್ತೆಯ ಒಂದು ಬದಿಗೆ ಮರಗಳ ನೆರಳಿನ, ಬಳ್ಳಿ ಹಬ್ಬಿದ ನಡಿಗೆಯ ದಾರಿಯೊಂದಿತ್ತು. ಬುಲೆವಾರ್ಡ್ ಎಂದೇ ಅದರ ಹೆಸರು. 2009ರಲ್ಲಿ ಮೆಟ್ರೊ ಕಾಮಗಾರಿಗಾಗಿ ಅದನ್ನು ತೆಗೆದಾಗ ಬೆಂಗಳೂರಿನ ಹಳಬರು ಕಣ್ಣೀರಿಟ್ಟರು. 2011ರ ಅಕ್ಟೋಬರ್ 20ರಂದು ಮೆಟ್ರೊ ಓಡಿತು. ಎತ್ತರದ ಹಳಿಯ ಅಡಿಯಲ್ಲಿ ಹಳೆಯ ದಾರಿಯನ್ನು ಹೊಸದಾಗಿ ಕಟ್ಟಿ, ಕಲಾ ಗ್ಯಾಲರಿಗಳನ್ನೂ ಬಯಲು ರಂಗವನ್ನೂ ಸೇರಿಸಿ 2013ರಲ್ಲಿ ‘ರಂಗೋಲಿ’ ಮೆಟ್ರೊ ಕಲಾ ಕೇಂದ್ರ ಎಂದು ತೆರೆದರು. ಹೆಸರು ಅರ್ಥಗರ್ಭಿತವಾಗಿದೆ. ಸ್ವಂತ ಮನೆಯ ಮುಂದಿನ ನೆಲವನ್ನು ಬೆಳಗ್ಗೆ ಎದ್ದು ಅಲಂಕರಿಸುವ, ಸಂಜೆಗೆ ಅಳಿಸಿಹೋದರೂ ಚಿಂತಿಸದ ನಮ್ಮ ಅತಿ ಹಳೆಯ ಬೀದಿ ಕಲೆ ಅದು. ಮರಗಳು ಮಾತ್ರ ಮರಳಲಿಲ್ಲ.

ಹಾಗೆಂದು ಬೆಂಗಳೂರಿಗೆ ಬೀದಿಯನ್ನು ಕಲೆಗೆ ಬಿಟ್ಟುಕೊಡಲು ಬಾರದು ಎನ್ನುವಂತಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆ ಎರಡು ದಶಕ ದಾಟಿದೆ. 2025ರ ಜನವರಿ 5ರಂದು ನಡೆದದ್ದು 22ನೆಯದು. ಆ ಒಂದು ಭಾನುವಾರ ವಾಹನಗಳಿಗೆ ಬೇರೆ ದಾರಿ; ರಸ್ತೆಯ ಎರಡೂ ಬದಿಗೆ ಕಲಾವಿದರು ತಮ್ಮ ಚಿತ್ರಗಳನ್ನು ಒಡ್ಡಿ ಕೂರುತ್ತಾರೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಸಂಕೋಚಪಡುವ ಸಂಸಾರವೊಂದು ಇಲ್ಲಿ ತರಕಾರಿ ಚೌಕಾಸಿ ಮಾಡಿದಂತೆ ಚಿತ್ರ ಚೌಕಾಸಿ ಮಾಡುತ್ತದೆ. ‘ಸಂತೆ’ ಎಂಬ ಪದವನ್ನು ಆರಿಸಿದವರ ಜಾಣ್ಮೆಗೆ ತಲೆದೂಗಬೇಕು. ಸಂತೆಗೆ ದಿನ ಗೊತ್ತು, ಜಾಗ ಗೊತ್ತು. ಸಂತೆಯ ದಿನ ರಸ್ತೆ ಏಕೆ ಬಂದಾಯಿತೆಂದು ಯಾರೂ ಕೇಳುವುದಿಲ್ಲ.

ಬೀದಿಯ ಕಲೆ ಯಾವಾಗಲೂ ಅಲಂಕಾರವೇ ಆಗಿರಬೇಕೆಂದೂ ಇಲ್ಲ. ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ಮುಖ್ಯರಸ್ತೆಯ ಗುಂಡಿಯೊಂದನ್ನು ಕೊಳವಾಗಿಸಿ ಅದರಲ್ಲಿ ಮೊಸಳೆಯ ಪ್ರತಿಕೃತಿ ಮಲಗಿಸಿದರು. ಚಿತ್ರ ಎಲ್ಲೆಡೆ ಹರಡಿತು, ಗುಂಡಿ ಮುಚ್ಚಿತು. 2019ರಲ್ಲಿ ಹೇರೋಹಳ್ಳಿ ಬಡಾವಣೆಯ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪು ತೊಟ್ಟವನನ್ನು ನಡೆಸಿ ಚಂದ್ರನ ಮೇಲಿನ ನಡಿಗೆಯಂತೆ ತೋರಿಸಿದರು. ಅರ್ಜಿ ಕೊಟ್ಟರೆ ಆಗದ್ದು ಮೊಸಳೆಯಿಂದ ಆಯಿತು!

ಕಾಗದ ಹಾಸಿ ಗೆದ್ದ ಬೀದಿ

ಹೊರದೇಶದ ಒಂದು ಪ್ರಸಂಗ ಇಲ್ಲಿ ಹೇಳಲೇಬೇಕು. ಬ್ರೆಜಿಲ್ ದೇಶದ ಕುರಿಚೀಬಾ ನಗರದ ಮೇಯರ್ ಜೈಮಿ ಲರ್ನರ್ ಸ್ವತಃ ವಾಸ್ತುಶಿಲ್ಪಿ. ಊರಿನ ಮುಖ್ಯ ವ್ಯಾಪಾರದ ಬೀದಿಯನ್ನು ನಡೆಯುವವರಿಗೆ ಬಿಡಬೇಕೆಂದರೆ ಅಂಗಡಿಕಾರರು ಒಪ್ಪಲಿಲ್ಲ, ಕೋರ್ಟಿಗೆ ಹೋಗುತ್ತಾರೆಂಬ ಭಯ. 1972ರ ಮೇ ತಿಂಗಳ ಒಂದು ಶುಕ್ರವಾರ ಸಂಜೆ, ನ್ಯಾಯಾಲಯ ಬಾಗಿಲು ಹಾಕಿದ ಮೇಲೆ ಕೆಲಸ ಶುರುಮಾಡಿ ವಾರಾಂತ್ಯದೊಳಗೆ, 72 ಗಂಟೆಗಳಲ್ಲಿ, ಕಲ್ಲು ಹಾಸಿ ಹೂಗಿಡ ನೆಟ್ಟು ಮುಗಿಸಿಬಿಟ್ಟರು. ವ್ಯಾಪಾರ ಏರಿತು, ವಿರೋಧಿಸಿದ ಅಂಗಡಿಕಾರರೇ ಯೋಜನೆ ವಿಸ್ತರಿಸಿ ಎಂದು ಬಂದರು. ಆದರೆ ಕಾರು ಉಳ್ಳವರ ಕ್ಲಬ್ಬು ಸುಮ್ಮನಿರಲಿಲ್ಲ. ಮುಂದಿನ ಶನಿವಾರ ಕಾರುಗಳ ಮೆರವಣಿಗೆಯಲ್ಲಿ ನುಗ್ಗಿ ಬೀದಿ ಮರಳಿ ಪಡೆಯುತ್ತೇವೆ ಎಂದರು. ಮೇಯರ್ ಪೊಲೀಸರನ್ನು ಕರೆಯಲಿಲ್ಲ. ಬೀದಿಯ ಉದ್ದಕ್ಕೂ ಕಾಗದ ಹಾಸಿಸಿ, ಊರಿನ ಮಕ್ಕಳಿಗೆ ಬಣ್ಣ ಕೊಟ್ಟು ಕೂರಿಸಿದರು. ಕಾರಿನವರು ಬಂದು ನೋಡಿದರೆ ನೆಲದ ತುಂಬ ಚಿತ್ರ ಬರೆಯುತ್ತಿರುವ ಮಕ್ಕಳು. ತಿರುಗಿ ಹೋದರು. ಶನಿವಾರದ ಚಿತ್ರ ಬರೆಯುವಿಕೆ ಅಲ್ಲಿ ಆಮೇಲೆ ರೂಢಿಯೇ ಆಯಿತು.

ಬನಹಟ್ಟಿಯ ಓಣಿಯಲ್ಲಿ ಬೆಳೆದವರಿಗೆ ಈ ಉಪಾಯ ಹೊಸದೆನಿಸಲಾರದು. ಅಲ್ಲಿ ನೂಲು ಹಾಸಿದ್ದರು, ಇಲ್ಲಿ ಕಾಗದ. ಎರಡೂ ಕಡೆ ಬೀದಿಯನ್ನು ಕಾಪಾಡಿದ್ದು ನೆಲದ ಮೇಲೆ ನಡೆದ ಕೆಲಸ.

ಕಲ್ಲು ಉಳಿಯಿತು, ಜನ ಹೋದರು

ಕೆಲಸವನ್ನೂ ಜನರನ್ನೂ ತೆಗೆದು ಬೀದಿಯನ್ನು ಉಳಿಸಹೊರಟರೆ ಏನಾಗುತ್ತದೆ? ಅದಕ್ಕೆ ಸಾಕ್ಷಿ ನಮ್ಮ ತೇರಿನ ಬೀದಿಗಳಲ್ಲೆಲ್ಲ ಹೆಸರಾದ ಹಂಪಿಯ ವಿರೂಪಾಕ್ಷ ಬಜಾರು. ಗೋಪುರದ ಎದುರಿನಿಂದ ಪೂರ್ವದ ಎದುರು ಬಸವಣ್ಣನ ತನಕ ಚಾಚಿದ ಈ ಬೀದಿಯ ಎರಡೂ ಬದಿಗೆ ಕಂಬಗಳ ಮಂಟಪಗಳ ಸಾಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿನ ಸುಂದರ ಮನೆಗಳನ್ನೂ ಯಾತ್ರಿಕರು ತಂಗುವ ಮೊಗಸಾಲೆಗಳನ್ನೂ ಬಣ್ಣಿಸಿದ್ದಾನೆ. ಅಂದರೆ ಆಗಲೂ ಇದು ಬರಿಯ ಸ್ಮಾರಕವಾಗಿರಲಿಲ್ಲ. ಜನ ವಾಸವಿದ್ದ, ವ್ಯಾಪಾರವಿದ್ದ ಬೀದಿ.

ವಿಜಯನಗರದ ಪತನದ ನಂತರವೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ತೇರೂ ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಮಂಟಪಗಳಲ್ಲೇ ಗೋಡೆ ಎಬ್ಬಿಸಿ ಸಂಸಾರ ಹೂಡಿದವರು, ಮುಂದೆ ಅಂಗಡಿ, ಖಾನಾವಳಿ ತೆರೆದವರು ಸೇರಿ ಬಜಾರು ಮತ್ತೆ ಬಜಾರಾಯಿತು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಸ ಕಟ್ಟಡಗಳು ಹಳೆಯ ಕಂಬಗಳನ್ನು ಮುಚ್ಚಿದ್ದವು, ಕೆಲವು ಕಡೆ ಕೆಡಿಸಿದ್ದವು ಎಂಬುದು ಸುಳ್ಳಲ್ಲ. ಆದರೆ 2011ರ ಜುಲೈ ಕೊನೆಯಲ್ಲಿ ಜೆಸಿಬಿ ಬಂದ ರೀತಿಗೆ ಅದು ಸಮರ್ಥನೆಯಾಗದು. ಅಲ್ಪಾವಧಿಯಲ್ಲಿ ಮನೆ, ಅಂಗಡಿಗಳನ್ನು ಕೆಡವಲಾಯಿತು. ನೂರಾರು ಕುಟುಂಬಗಳು ಬೀದಿಪಾಲಾದವು. ಪುನರ್ವಸತಿಯ ಜಾಗ ಸಮೀಪದ ಕಡ್ಡಿರಾಂಪುರದಲ್ಲಿ. ಇಂದು ಬಜಾರಿನಲ್ಲಿ ನಡೆಯುವವರಿಗೆ ತೊಂದರೆಯಿಲ್ಲ. ಮಂಟಪಗಳು ಕಾಣುತ್ತವೆ, ಛಾಯಾಚಿತ್ರಕ್ಕೆ ಅಡ್ಡವಿಲ್ಲ. ಸಂಜೆಯಾದ ಮೇಲೆ ಮಾತ್ರ ಅಲ್ಲಿ ದೀಪ ಹಚ್ಚುವ ಮನೆಯಿಲ್ಲ.

ಚರ್ಚ್ ಸ್ಟ್ರೀಟಿನಲ್ಲಿ ಜನರಿದ್ದರು, ಅವರಿಗೆ ಅಧಿಕಾರವಿರಲಿಲ್ಲ. ಹಂಪಿಯಲ್ಲಿ ಅಧಿಕಾರವಿತ್ತು, ಜನರು ಬೇಡವಾದರು. ಜಿಲ್ಲಾ ಮಟ್ಟದ, ತಾಲ್ಲೂಕು ಮಟ್ಟದ ಊರುಗಳ ಪೇಟೆ ಬೀದಿಗಳನ್ನು ‘ಸುಂದರಗೊಳಿಸುವ’ ಕಡತಗಳು ಮೇಲೇಳುತ್ತಿರುವ ಈ ಕಾಲದಲ್ಲಿ ಎರಡನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು. ಸುಂದರಗೊಳಿಸುವ ಮೊದಲ ದಿನವೇ ಎತ್ತಂಗಡಿಯಾಗುವುದು ಸೊಪ್ಪಿನ ಬುಟ್ಟಿ, ಚಪ್ಪಲಿ ಹೊಲಿಯುವವನ ಪೆಟ್ಟಿಗೆ, ಚುರುಮುರಿಯ ಗಾಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದಕ್ಕೆ ಒಂದು ತಡೆ ಹಾಕಿದೆ. ಸಮೀಕ್ಷೆ ಮುಗಿದು ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡುವ ಮುನ್ನ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರು. ಕಾಯ್ದೆ ಬೀದಿಗೆ ಇಳಿದರೆ ಇದು ಹಳೆಯ ಓಣಿಯ ಹಕ್ಕಿಗೆ ಬಹಳ ಹತ್ತಿರದ ಸಂಗತಿ.

ನಡೆಯುವವರ ಪ್ರಶ್ನೆ ಅಲಂಕಾರದ್ದಲ್ಲ ಎಂಬುದಕ್ಕೆ ಅಂಕಿಯೂ ಇದೆ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಪಾದಚಾರಿಗಳು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 90. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕೆನ್ನುತ್ತದೆ, ಅಂದರೆ ಎರಡು ಗಾಲಿಕುರ್ಚಿಗಳು ಎದುರುಬದುರು ದಾಟುವಷ್ಟು. ನಮ್ಮ ಊರುಗಳಲ್ಲಿ ಅಳೆಯಹೊರಟರೆ ಟೇಪಿಗೆ ಮೊದಲು ಸಿಗುವುದು ವಿದ್ಯುತ್ ಪರಿವರ್ತಕದ ಕಟ್ಟೆ, ಆಮೇಲೆ ಬೈಕು. 2025ರ ಮೇ 14ರಂದು ಸುಪ್ರೀಂ ಕೋರ್ಟು ಸರಿಯಾದ ಪಾದಚಾರಿ ಮಾರ್ಗ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ವೈಕಂ ಸತ್ಯಾಗ್ರಹದಿಂದ ಎಣಿಸಿದರೆ ನೂರೊಂದು ವರ್ಷ.

ಬನಹಟ್ಟಿಯ ಜಿಲ್ಲಾ ಕೇಂದ್ರ ಬಾಗಲಕೋಟೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಬಹುಭಾಗ ಬಿಟ್ಟುಕೊಡಬೇಕಾದಾಗ ನವನಗರ ಕಟ್ಟಲಾಯಿತು. ಅದರ ಯೋಜನೆಗೆ ಸಲಹೆಗಾರರಾಗಿದ್ದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸೆಕ್ಟರುಗಳು, ನೇರ ರಸ್ತೆಗಳು, ಹಳೆಯ ಪೇಟೆಯ ಇಕ್ಕಟ್ಟಿಗೆ ಹೋಲಿಸಿದರೆ ಧಾರಾಳ ಅಗಲ. ಎಷ್ಟೋ ಮನೆತನಗಳು ಅಲ್ಲಿಗೆ ಹೋಗಿ ನೆಲೆಸಿದವು.

ಆದರೆ ಹೋಳಿ ಬಂದಾಗ ನೋಡಬೇಕು. ಬಾಗಲಕೋಟೆಯ ಹೋಳಿ ಒಂದು ದಿನದ ಆಟವಲ್ಲ. ಹಲಗೆಯ ಬಡಿತ ದಿನಗಟ್ಟಲೆ ನಡೆಯುತ್ತದೆ, ಬಂಡಿಗಳ ಮೇಲೆ ಬಣ್ಣದ ಪೀಪಾಯಿ ಹೊತ್ತು ಓಣಿಯವರು ಓಣಿಯವರಿಗೆ ಎರಚುತ್ತಾರೆ, ರಾತ್ರಿ ಸೋಗಿನ ಬಂಡಿಗಳು ಹೊರಡುತ್ತವೆ. ಪುರಾಣದಿಂದ ಹಿಡಿದು ನಿನ್ನೆಯ ರಾಜಕೀಯದ ತನಕ ವೇಷ ಕಟ್ಟಿದವರು ಬಂಡಿಯ ಮೇಲೆ ನಿಂತು ಬೀದಿ ಸುತ್ತುತ್ತಾರೆ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂದು ಆಯಾ ಪೇಟೆಯವರಿಗೆ ತಮ್ಮ ತಮ್ಮ ಬಂಡಿ, ತಮ್ಮ ಸರದಿ. ಆ ದಿನಗಳಲ್ಲಿ ಮಾರುಕಟ್ಟೆಯ ಬೀದಿಗೆ ಕಾರು ತರುವ ಧೈರ್ಯ ಯಾರಿಗಿದೆ? ನವನಗರದಲ್ಲಿ ಮನೆ ಮಾಡಿಕೊಂಡವರೂ ಬಿಳಿ ಅಂಗಿ ತೊಟ್ಟು, ಸೇತುವೆಯಿಲ್ಲದ ಈ ಗಡಿಯನ್ನು ದಾಟಿ, ಹಳೆಯ ಪೇಟೆಗೇ ಬರುತ್ತಾರೆ. ಸೋಗಿನ ಬಂಡಿ ತಿರುಗುವಷ್ಟು ಅಗಲ ಅಲ್ಲಿನ ಬೀದಿಗಳಿಗೆ ಇನ್ನೂ ಇದೆ.